ಕಾಲು ಹನ್ನೊಂದನೇ ನಂಬರು, ಕಾರು ಆಲ್ಟೊ: ಕಲಬುರಗಿ ಪೇಟೆಯಲ್ಲಿ ಯಾವ ಬೂಟು ಕೊಳ್ಳಬೇಕು?

ಹನ್ನೊಂದು, ಹನ್ನೆರಡನೇ ನಂಬರಿನ ಪಾದದವರು ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಿನ ಅಂಗಡಿಗಳಲ್ಲಿ ಬೂಟು ಕೇಳಿದರೆ ಮುಂದೆ ಬರುವುದು ಹೆಚ್ಚಾಗಿ ಒಂದೇ ಬಗೆಯ ಸರಕು: ಹಿಮ್ಮಡಿ ಕಡೆ ಉಬ್ಬಿದ, ಅಂಚು ಹೊರಗೆ ಚಾಚಿದ, ದಪ್ಪ ಫೋಮ್ ಅಟ್ಟೆಯ ರನ್ನಿಂಗ್ ಶೂ. ನಡೆಯಲು ಅದು ಹಿತವೇ. ಆದರೆ ಆಲ್ಟೊ, ಎಸ್-ಪ್ರೆಸ್ಸೊ, ಕ್ವಿಡ್‌ನಂಥ ಗಿಡ್ಡ ಕಾರು ಓಡಿಸಲು, ಹವಾಯಿ ಚಪ್ಪಲಿಯೊಂದನ್ನು ಬಿಟ್ಟರೆ, ಅದಕ್ಕಿಂತ ಕೆಟ್ಟದ್ದು ಸಿಗುವುದಿಲ್ಲ. ಪೇಟೆಯಲ್ಲಿ ಸಿಗುವ ಬಗೆಗಳನ್ನು ಇಲ್ಲಿ ನೋಡಿರುವುದು ಎರಡೇ ಅಳತೆಯಿಂದ: ಅಟ್ಟೆಯ ಹೊರ ಅಗಲ ಮತ್ತು ಅಟ್ಟೆಯ ದಪ್ಪ. ಡಬ್ಬಿಯ ಮೇಲಿನ ನಂಬರು, ಬ್ರ್ಯಾಂಡು, ಬೆಲೆ ಎಲ್ಲ ಆಮೇಲಿನ ಮಾತು.

ಮೊದಲು ಕಾರಿನ ಕಾಲಿಡುವ ಗೂಡನ್ನು ನೋಡಿ. ನಮ್ಮಲ್ಲಿ ಸ್ಟೇರಿಂಗು ಬಲಗಡೆ. ಬಲ ಮುಂಚಕ್ರದ ಕಮಾನು ಒಳಗೆ ಉಬ್ಬಿ ಆಕ್ಸಿಲರೇಟರಿನ ಪಕ್ಕದ ಜಾಗ ತಿನ್ನುತ್ತದೆ, ಎಡಗಡೆ ಗೇರಿನ ಕನ್ಸೋಲು ಗೋಡೆಯಾಗಿ ನಿಂತಿರುತ್ತದೆ. ಈ ಎರಡರ ನಡುವೆ ಮೂರು ಪೆಡಲ್ ಕೂರಬೇಕು. ಕಾರು ಗಿಡ್ಡವಾದಷ್ಟೂ ಚಕ್ರ ಕಾಲಿಗೆ ಹತ್ತಿರ ಬರುತ್ತದೆ, ಪೆಡಲುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಕ್ಲಚ್ಚಿನ ಎಡಕ್ಕೆ ಪಾದ ಇಟ್ಟುಕೊಳ್ಳಲು ಪ್ರತ್ಯೇಕ ಮೆಟ್ಟಿಲು ಇಂಥ ಕಾರುಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಎಡಗಾಲು ಕ್ಲಚ್ಚಿನ ಕೆಳಗೋ ಮೇಲೋ ಕೂರುತ್ತದೆ, ಎರಡೂ ತಪ್ಪು ಜಾಗ. ಮೇಲೆ ಸ್ಟೇರಿಂಗ್ ಕಾಲಮ್ಮಿನ ಪ್ಲಾಸ್ಟಿಕ್ ಹೊದಿಕೆ ತಗ್ಗಾಗಿ ಬಂದಿರುತ್ತದೆ.

ಇಲ್ಲಿ ದೊಡ್ಡ ಬೂಟು ಮೂರು ಕಡೆ ಕೈಕೊಡುತ್ತದೆ. ಅತಿ ಅಪಾಯದ್ದು ಬ್ರೇಕಿನ ಹತ್ತಿರ. ಒತ್ತದಿದ್ದಾಗ ಬ್ರೇಕ್ ಪೆಡಲ್ ಆಕ್ಸಿಲರೇಟರಿಗಿಂತ ಎತ್ತರದಲ್ಲಿರುತ್ತದೆ, ಆದ್ದರಿಂದ ಮೆಲ್ಲಗೆ ಬ್ರೇಕ್ ಹಾಕುವಾಗ ಏನೂ ಗೊತ್ತಾಗುವುದಿಲ್ಲ. ಟಂಟಂ ಆಟೊ ಅಡ್ಡ ಬಂತು, ಜೋರಾಗಿ ತುಳಿದಿರಿ ಎನ್ನಿ. ಬ್ರೇಕ್ ಆಕ್ಸಿಲರೇಟರಿನ ಮಟ್ಟಕ್ಕೆ ಇಳಿಯುತ್ತದೆ, ಬಲ ಬೂಟಿನ ಹೊರ ಅಂಚು ಅದನ್ನೂ ಒತ್ತುತ್ತದೆ. ನಿಲ್ಲಿಸಬೇಕಾದ ಹೊತ್ತಿಗೆ ಎಂಜಿನ್ ಗುರ್ರೆನ್ನುತ್ತದೆ. ಎರಡನೆಯದು ಇದರ ತಿರುಗುಮುರುಗು: ಆಕ್ಸಿಲರೇಟರಿನಿಂದ ಕಾಲು ಎತ್ತಿ ಎಡಕ್ಕೆ ತರುವಾಗ ಹೆಬ್ಬೆರಳ ಕಡೆಯ ಅಂಚು ಬ್ರೇಕ್ ಪೆಡಲಿನ ಅಡಿಗೆ ಸಿಕ್ಕಿಬೀಳುತ್ತದೆ. ಅರ್ಧ ಸೆಕೆಂಡು ಹೋದರೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಎಂಟು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಮೂರನೆಯದು ಎಡಗಾಲಿನದು. ಬೂಟಿನ ಮೂತಿ ಎತ್ತರವಾಗಿದ್ದರೆ ಕ್ಲಚ್ ಬಿಡುವಾಗ ಮೇಲಿನ ಪ್ಲಾಸ್ಟಿಕ್ಕಿಗೆ ತಗಲುತ್ತದೆ. ಬೇಸತ್ತ ಚಾಲಕ ಪಾದವನ್ನು ಕ್ಲಚ್ಚಿನ ಮೇಲೇ ಬಿಟ್ಟಿರುತ್ತಾನೆ, ಕ್ಲಚ್ ಪ್ಲೇಟು ಮತ್ತು ರಿಲೀಸ್ ಬೇರಿಂಗು ಬೇಗ ಸವೆಯುತ್ತವೆ. ಬೂಟಿನ ತಪ್ಪಿಗೆ ದುಡ್ಡು ಗ್ಯಾರೇಜಿಗೆ.

ಈಗ ಅಳತೆ. ಯುಕೆ ನಂಬರಿಗೆ 25 ಕೂಡಿಸಿ ಮೂರರಿಂದ ಭಾಗಿಸಿದರೆ ಬೂಟು ಮಾಡಲು ಬಳಸುವ ಪಾದದಾಕಾರದ ಅಚ್ಚಿನ ಉದ್ದ ಇಂಚಿನಲ್ಲಿ ಬರುತ್ತದೆ. ಹನ್ನೊಂದಕ್ಕೆ 12 ಇಂಚು, ಅಂದರೆ ಸುಮಾರು 305 ಮಿ.ಮೀ. ಅದರೊಳಗೆ ಆರಾಮಾಗಿ ಕೂರುವ ಪಾದ 285ರಿಂದ 290 ಮಿ.ಮೀ. ಉದ್ದದ್ದು. ಒಂದು ನಂಬರಿಗೂ ಇನ್ನೊಂದಕ್ಕೂ ಎಂಟೂವರೆ ಮಿ.ಮೀ. ಅಂತರ. ಅಮೆರಿಕದ ನಂಬರು ಗಂಡಸರ ಬೂಟಿನಲ್ಲಿ ಒಂದು ಹೆಚ್ಚು, ಯುಎಸ್ 11 ಎಂದು ಬರೆದಿದ್ದರೆ ಅದು ನಮ್ಮ ಹತ್ತು. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಹಾಳೆಯ ಮೇಲೆ ನಿಂತು ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದದ ಗೆರೆ ಎಳೆಸಿಕೊಳ್ಳಿ. ಉದ್ದವನ್ನೂ, ಬೆರಳ ಬುಡದ ಅಗಲವನ್ನೂ ಬರೆದಿಟ್ಟುಕೊಳ್ಳಿ.

ಈ ಎರಡನೇ ಅಳತೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ದೊಡ್ಡ ಕಾಲು ಎನ್ನುವುದು ಎಷ್ಟೋ ಸಲ ಉದ್ದದ ಕಾಲಲ್ಲ, ಅಗಲದ ಕಾಲು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದುದ್ದಕ್ಕೂ ಪಾದಗಳನ್ನು ಅಳೆದು ‘ಭ’ ಎಂಬ ಭಾರತೀಯ ಅಳತೆ ಕ್ರಮವನ್ನು ಸೂಚಿಸಿದ್ದರ ಹಿಂದೆಯೂ ಇದೇ ಇದೆ: ಇಲ್ಲಿನ ಪಾದ ಯುರೋಪಿನ ಅಚ್ಚಿಗಿಂತ ಅಗಲ. ಅಗಲ ಹಿಡಿಸಲಿ ಎಂದು ಒಂದು ನಂಬರು ಏರಿಸಿಕೊಂಡರೆ ಬೆರಳ ಮುಂದೆ ಎಂಟು-ಹತ್ತು ಮಿ.ಮೀ. ಖಾಲಿ ಮೂತಿ ಉಳಿಯುತ್ತದೆ. ಬ್ರೇಕ್ ಪೆಡಲಿನ ಅಡಿಗೆ ಹೋಗಿ ಸಿಕ್ಕುವುದು ಆ ಖಾಲಿ ಮೂತಿಯೇ. ನಿಮ್ಮ ಪಾದ 275 ಮಿ.ಮೀ. ಉದ್ದವಿದ್ದು ಬರೀ ಅಗಲಕ್ಕಾಗಿ ಹನ್ನೊಂದು ಕೊಳ್ಳುತ್ತಿದ್ದರೆ, ಹತ್ತನೇ ನಂಬರಿನ ಅಗಲ ಅಚ್ಚು ಹುಡುಕಿ. ನ್ಯೂ ಬ್ಯಾಲೆನ್ಸ್‌ನಂಥ ಕಂಪನಿಗಳು 2ಇ, 4ಇ ಎಂದು ಅಗಲವನ್ನು ಬೇರೆಯಾಗಿ ನಮೂದಿಸುತ್ತವೆ. ಊರಿನ ಅಂಗಡಿಯಲ್ಲಿ ಇದನ್ನು ಕೇಳಿದರೆ ಮುಖ ನೋಡುತ್ತಾರೆ, ಆನ್‌ಲೈನ್‌ನಲ್ಲಿ ತರಿಸುವುದೇ ದಾರಿ.

ಕಾರಿನ ಅಳತೆಗೆ ಆರಿಂಚಿನ ಸ್ಕೇಲು ಸಾಕು. ಬ್ರೇಕ್ ಪ್ಯಾಡಿನ ಅಗಲದ ಅರ್ಧಕ್ಕೆ, ಅದರ ಬಲ ಅಂಚಿನಿಂದ ಆಕ್ಸಿಲರೇಟರಿನ ಎಡ ಅಂಚಿಗಿರುವ ಅಂತರ ಕೂಡಿಸಿ. ಬೂಟಿನ ಅಟ್ಟೆಯ ಅತಿ ಅಗಲದ ಅರ್ಧ ಇದಕ್ಕಿಂತ ಕನಿಷ್ಠ 30 ಮಿ.ಮೀ. ಕಡಿಮೆ ಇರಬೇಕು. ಉದಾಹರಣೆಗೆ ಪ್ಯಾಡು 60, ಅಂತರ 55 ಇದ್ದರೆ 30 ಮತ್ತು 55 ಸೇರಿ 85. ಅಟ್ಟೆ 120 ಇದ್ದರೆ ಅರ್ಧ 60, ಉಳಿಯುವುದು 25, ಸಾಲದು. 108ರ ಅಟ್ಟೆಗೆ 31 ಉಳಿಯುತ್ತದೆ. ಇಷ್ಟು ದಂಡಿ ಯಾಕೆಂದರೆ ಅವಸರದಲ್ಲಿ ಪಾದ ಬ್ರೇಕಿನ ನಟ್ಟನಡುವೆ ಬೀಳುವುದಿಲ್ಲ, ಎಷ್ಟೋ ಸಲ ಬಲಕ್ಕೆ ವಾಲಿ ಬೀಳುತ್ತದೆ.

ಲೆಕ್ಕ ಬೇಡವೆನ್ನುವವರಿಗೆ ನೇರ ಪರೀಕ್ಷೆ ಇದೆ. ಬಯಲು ಜಾಗದಲ್ಲಿ, ಕಾರಿನ ಮುಂದೆ ಯಾರೂ ಇಲ್ಲದಿರುವಾಗ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಚಾಲೂ ಮಾಡಿ. ಹೊಸ ಬೂಟಿನಲ್ಲಿ ಬ್ರೇಕನ್ನು ಒಮ್ಮೆಲೇ ಬಲವಾಗಿ ತುಳಿಯಿರಿ. ಎಂಜಿನ್ ಸದ್ದು ಏರಿದರೆ ಆ ಬೂಟು ವಾಪಸ್. ಎಂಜಿನ್ ಬಂದ್ ಮಾಡಿ ಈ ಪರೀಕ್ಷೆ ಮಾಡಿ ಮೋಸಹೋಗುವವರು ಬಹಳ. ಬಂದ್ ಇದ್ದಾಗ ಎರಡು-ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕಿಗೆ ಬಲ ಕೂಡಿಸುವ ಬೂಸ್ಟರಿನ ನಿರ್ವಾತ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ, ಓಡುವಾಗಿನಷ್ಟು ಕೆಳಗಿಳಿಯುವುದೇ ಇಲ್ಲ. ಎಲ್ಲ ಸರಿ ಇದ್ದಂತೆ ತೋರುತ್ತದೆ. ಬಹುತೇಕ ಅಂಗಡಿಯವರು ಒಂದು ಬೂಟು ಹಾಕಿಕೊಂಡು ಹೊರಗೆ ನಿಂತ ಕಾರಿನವರೆಗೆ ಹೋಗಲು ಬಿಡುತ್ತಾರೆ. ಅಟ್ಟೆಗೆ ಧೂಳು ತಾಗದಂತೆ ಹಾಳೆ ಸುತ್ತಿಕೊಳ್ಳಿ ಎನ್ನುತ್ತಾರೆ ಅಷ್ಟೆ. ಪೆಡಲ್ ತುಳಿಯುವ ಮುನ್ನ ಆ ಹಾಳೆ ತೆಗೆಯಲು ಮರೆಯಬೇಡಿ, ಜಾರುತ್ತದೆ.

ರನ್ನಿಂಗ್ ಶೂ ಮೇಲಿನ ತೀರ್ಪಿಗೆ ಕಾರಣ ಇವು. ಹಿಮ್ಮಡಿಯಲ್ಲಿ ಅಟ್ಟೆ 30ರಿಂದ 40 ಮಿ.ಮೀ. ದಪ್ಪ, ರಸ್ತೆ ಓಟದ ಸ್ಪರ್ಧೆಗೆ ವಿಶ್ವ ಅಥ್ಲೆಟಿಕ್ಸ್ ಹಾಕಿರುವ ಗರಿಷ್ಠ ಮಿತಿಯೇ 40. ಬ್ರಿಟನ್ನಿನ ವಾಹನ ಸಂಸ್ಥೆ ಆರ್‌ಎಸಿ ಕಾರು ಓಡಿಸಲು 10 ಮಿ.ಮೀ.ಗಿಂತ ದಪ್ಪದ ಅಟ್ಟೆ ಬೇಡ ಎನ್ನುತ್ತದೆ. ಕಲಬುರಗಿಯ ಮೇ ತಿಂಗಳ ಡಾಂಬರಿನ ಮೇಲೆ 10 ಮಿ.ಮೀ. ಅಟ್ಟೆಯಲ್ಲಿ ನಿಲ್ಲುವುದು ಕಷ್ಟ, 20ರವರೆಗೆ ನಡೆದೀತು. ಅದರಾಚೆಗೆ ಪೆಡಲ್ ಎಷ್ಟು ಇಳಿಯಿತೆಂದು ಪಾದಕ್ಕೆ ತಿಳಿಯುವುದಿಲ್ಲ, ಫೋಮ್ ಮೊದಲು ಅದುಮಿ ಆಮೇಲೆ ಬ್ರೇಕ್ ಹಿಡಿಯುತ್ತದೆ. ಎತ್ತರದ ಹಿಮ್ಮಡಿ ಮೊಣಕಾಲನ್ನೂ ಎತ್ತಿ ಸ್ಟೇರಿಂಗಿಗೆ ತಾಗಿಸುತ್ತದೆ. ಕಾಲು ಉದ್ದವಿದ್ದವರಿಗೆ ಇದು ಹೇಳಿ ತಿಳಿಸಬೇಕಾದ ಸಂಗತಿಯಲ್ಲ. ದೊಡ್ಡ ನಂಬರಿನಲ್ಲಿ ಅಟ್ಟೆ 115-120 ಮಿ.ಮೀ.ವರೆಗೂ ಹರಡಿಕೊಂಡಿರುತ್ತದೆ.

ಸೇಡಂ, ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಸೇಫ್ಟಿ ಬೂಟಿನಲ್ಲೇ ಕಾರು ಹತ್ತುವವರಿಗೆ ಒಂದೇ ಮಾತು: ಗೇಟಿನಲ್ಲೇ ಬದಲಿಸಿ. 200 ಜೂಲ್ ಹೊಡೆತ ತಡೆಯಲು ಕೂರಿಸಿದ ಮೂತಿಯ ಟೋಪಿ ಬೂಟನ್ನು ಎತ್ತರಕ್ಕೂ ಅಗಲಕ್ಕೂ ಬೆಳೆಸಿರುತ್ತದೆ, ಕಣಕಾಲು ಬಾಗುವುದಿಲ್ಲ. ಹನ್ನೊಂದನೇ ನಂಬರಿನದಾದರೆ ಬ್ರೇಕ್ ಮತ್ತು ಆಕ್ಸಿಲರೇಟರನ್ನು ಒಂದಾಗಿಯೇ ತುಳಿಯುತ್ತದೆ. ಅದು ಯಂತ್ರದ ಪಕ್ಕದಲ್ಲಿ ನಿಲ್ಲಲು ಮಾಡಿದ್ದು.

ಕೊಲ್ಹಾಪುರಿ ನೋಡಲು ಚಂದ, ಬಿಸಿಲಿಗೆ ಹಿತ, ದೊಡ್ಡ ಅಳತೆಗೆ ಮಾಡಿಸಿಕೊಳ್ಳುವುದೂ ಸುಲಭ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಬಂದಾಗ ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಪಾಲು ಸಿಕ್ಕಿತು. ಆದರೆ ಚರ್ಮದ ಅಟ್ಟೆ ಸವೆದಷ್ಟೂ ನುಣುಪಾಗುತ್ತದೆ, ಪೆಡಲಿನ ರಬ್ಬರಿನ ಮೇಲೆ ಜಾರುತ್ತದೆ, ಹಿಮ್ಮಡಿಗೆ ಪಟ್ಟಿ ಇಲ್ಲ. ಹವಾಯಿಯಂತೂ ಇನ್ನೂ ಕೆಟ್ಟದ್ದು, ಮುಂದಿನ ತುದಿ ಮಡಚಿ ಪೆಡಲಿನ ಅಡಿಗೆ ಹೋಗುತ್ತದೆ. ಕ್ರಾಕ್ಸ್ ಬಗೆಯ ತೂತು ಚಪ್ಪಲಿಗೆ ಹಿಂಪಟ್ಟಿ ಇದ್ದರೂ ಮೂತಿಯ ಅಗಲವೇ ಅದರ ಶತ್ರು. ಹಿಂಪಟ್ಟಿಯ ಸ್ಯಾಂಡಲ್ ಬೇಸಿಗೆಗೆ ನಡೆದೀತು: ಅಟ್ಟೆ ಪಾದದ ಗೆರೆಗಿಂತ ಎರಡೂ ಬದಿ 4 ಮಿ.ಮೀ.ಗಿಂತ ಹೆಚ್ಚು ಚಾಚಿರಬಾರದು, ವೆಲ್ಕ್ರೊ ತುದಿ ಹೊರಗೆ ನೇತಾಡಬಾರದು.

ಕಚೇರಿಯ ಫಾರ್ಮಲ್ ಬೂಟಿನಲ್ಲಿ ನೋಡಬೇಕಾದ್ದು ಸುತ್ತಲಿನ ಹೊಲಿಗೆ ಅಂಚು. ಅಂಚು ಕಟ್ಟಿ ಹೊಲಿದ ಬೂಟು ಬೆಲೆಬಾಳುತ್ತದೆ, ಬಾಳಿಕೆಯೂ ಹೆಚ್ಚು, ಆದರೆ ಆ ಅಂಚು ಒಂದೊಂದು ಬದಿಗೆ ನಾಲ್ಕೈದು ಮಿ.ಮೀ. ಅಗಲ ಸೇರಿಸುತ್ತದೆ. ಕಾರಿಗೆ ಅಂಟಿಸಿದ ರಬ್ಬರ್ ಅಟ್ಟೆಯ ಅಗ್ಗದ ಬೂಟೇ ವಾಸಿ. ಹಿಮ್ಮಡಿಯ ಹಿಂದಿನ ಮೂಲೆ ಚೂಪಾಗಿದ್ದರೆ ಮ್ಯಾಟಿಗೆ ಸಿಕ್ಕುತ್ತದೆ, ರಿಪೇರಿಯವರ ಕೈಲಿ ಉಜ್ಜಿಸಿ ದುಂಡು ಮಾಡಿಸಿ.

ಇನ್ನು ಕೊಳ್ಳಬಹುದಾದವು. ನಮ್ಮ ಮೊದಲ ಆಯ್ಕೆ ಅತಿ ಸಾದಾ ವಸ್ತು: ಚಪ್ಪಟೆ ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಶೂ. ಹಿಮ್ಮಡಿ ಮತ್ತು ಮುಂಗಾಲು ಹೆಚ್ಚುಕಡಿಮೆ ಒಂದೇ ಮಟ್ಟ, ಅಟ್ಟೆ ಪಾದದ ಗೆರೆಯಾಚೆ ಹೆಚ್ಚು ಚಾಚುವುದಿಲ್ಲ, ರಬ್ಬರು ಪೆಡಲನ್ನು ಹಿಡಿಯುತ್ತದೆ, ಗಾಳಿಯಾಡುತ್ತದೆ, ಎರೆಮಣ್ಣು ಮೆತ್ತಿದರೆ ತೊಳೆದು ಒಣಗಿಸಬಹುದು. ಸಾದಾ ಬ್ರ್ಯಾಂಡಿನದು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ನೋಡಿಕೊಳ್ಳಬೇಕಾದ್ದು ಎರಡು. ಮೂತಿಗೆ ದಪ್ಪ ರಬ್ಬರಿನ ಟೋಪಿ ಹಾಕಿದ ಮಾದರಿ ಬೇಡ, ಅದು ಉದ್ದವನ್ನು ಸುಮ್ಮನೆ ಹೆಚ್ಚಿಸುತ್ತದೆ. ಕಾನ್ವರ್ಸ್ ಬಗೆಯವು ಅರ್ಧ ನಂಬರು ದೊಡ್ಡದಾಗಿ ಬರುತ್ತವೆ ಮತ್ತು ಅಗಲ ಪಾದಕ್ಕೆ ಬಿಗಿ, ನಂಬರು ನೋಡಿ ಕೊಳ್ಳದೆ ಹಾಕಿ ನೋಡಿ ಕೊಳ್ಳಿ. ಪಾದದ ಕಮಾನಿಗೆ ಆಸರೆ ಇಲ್ಲದ್ದು ನಿಜ. ಹುಮನಾಬಾದ್ ದಾಟಿ ಬೀದರಿಗೆ ಹೋಗಿಬರುವವರಿಗೆ ಸಂಜೆ ಅಂಗಾಲು ನೋಯಬಹುದು, 3 ಮಿ.ಮೀ.ನ ಒಳಪದರ ಹಾಕಿಸಿದರೆ ಸಾಕು. ಅದಕ್ಕಿಂತ ದಪ್ಪದ್ದು ಹಾಕಿದರೆ ಮೇಲೆ ಹೇಳಿದ ಲಾಭವೇ ಹೋಯಿತು.

ಅನೇಕರಿಗೆ ಹೊಳೆಯದ ಎರಡನೇ ಆಯ್ಕೆ ಕಬಡ್ಡಿ ಶೂ. ಕುಸ್ತಿ, ಕಬಡ್ಡಿಯ ನಾಡಿದು, ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಮ್ಯಾಟಿನ ಮೇಲೆ ಜಾರದಂತೆ ಮಾಡಿದ ತೆಳು ಅಟ್ಟೆ, ಅಂಚು ಹೊರಗೆ ಚಾಚಿಲ್ಲ, ಕೆಲವುದರ ಹಿಮ್ಮಡಿ ಹಿಂದಕ್ಕೆ ದುಂಡಾಗಿ ಏರಿರುತ್ತದೆ. ಸಾವಿರಾರು ರೂಪಾಯಿಯ ಡ್ರೈವಿಂಗ್ ಶೂಗಳಲ್ಲಿ ಇರುವುದೂ ಇವೇ ಗುಣಗಳು. ಪೆಡಲಿನ ಸ್ಪರ್ಶ ತಿಳಿಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಕೊರತೆ: ಹನ್ನೆರಡನೇ ನಂಬರು ಸಿಗುವುದು ದುರ್ಲಭ, ಒರಟು ಫರ್ಸಿಯ ಮೇಲೆ ನಡೆದರೆ ಅಟ್ಟೆ ಬೇಗ ಸವೆಯುತ್ತದೆ. ಕಾರಿನಲ್ಲೇ ಇಟ್ಟು, ಓಡಿಸುವಾಗ ಮಾತ್ರ ಹಾಕಿಕೊಳ್ಳುವವರಿಗೆ ಇದು.

ಬ್ಯಾಡ್ಮಿಂಟನ್ ಶೂವನ್ನು ಇದರ ಅಣ್ಣತಮ್ಮ ಎಂದುಕೊಂಡು ಕೊಳ್ಳಬೇಡಿ. ಗಮ್ ರಬ್ಬರಿನ ಅಟ್ಟೆ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಪಕ್ಕಕ್ಕೆ ಹಾರಿದಾಗ ಕಾಲು ಉಳುಕದಿರಲೆಂದು ಕಿರುಬೆರಳ ಕಡೆ ಅಟ್ಟೆಯನ್ನು ಹೊರಗೆ ಚಾಚಿಸಿರುತ್ತಾರೆ. ಬಲ ಬೂಟಿನಲ್ಲಿ ಆ ಚಾಚು ಇರುವುದು ಆಕ್ಸಿಲರೇಟರಿನ ಬದಿಗೇ. ಟೇಬಲ್ ಟೆನಿಸ್ ಶೂ ಇದಕ್ಕಿಂತ ತೆಳು, ಸಿಕ್ಕರೆ ಪರವಾಗಿಲ್ಲ.

ಪೂಮಾ ಸ್ಪೀಡ್‌ಕ್ಯಾಟ್‌ನಂಥವು ಮೋಟಾರು ಓಟದ ಬೂಟಿನ ಆಕಾರದಿಂದ ಹುಟ್ಟಿದವು. ಅಟ್ಟೆ ತೆಳು, ಹಿಮ್ಮಡಿ ದುಂಡು. ಅಗಲ ಪಾದದವರಿಗೆ ಬೆರಳ ಬುಡದಲ್ಲಿ ಹಿಸುಕುತ್ತವೆ, ಬೆಲೆಯ ಬಹುಪಾಲು ಫ್ಯಾಷನ್ನಿಗೆ. ಅಟ್ಟೆಯಲ್ಲಿ ರಬ್ಬರ್ ಗುಂಡಿಗಳಿರುವ ಇಟಲಿ ಬಗೆಯ ಚರ್ಮದ ಮೊಕಾಸಿನ್ ಕಾರಿಗೆಂದೇ ಹುಟ್ಟಿದ್ದು, ಹಿಮ್ಮಡಿಯ ಹಿಂಬದಿಗೂ ಗುಂಡಿ ಏರಿರುವುದು ಅದಕ್ಕೇ. ನಮ್ಮ ರಸ್ತೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಆ ಗುಂಡಿಗಳೇ ಮೊದಲು ಹೋಗುತ್ತವೆ. ಮೋಟಾರು ಓಟದ ಜಾಗತಿಕ ಸಂಸ್ಥೆ ಎಫ್‌ಐಎಯ 8856 ಗುರುತಿನ ಅಸಲಿ ರೇಸಿಂಗ್ ಬೂಟಿನಲ್ಲಿ ದುಡ್ಡು ಹೋಗುವುದು ಬೆಂಕಿ ತಡೆಯುವ ಬಟ್ಟೆಗೆ, ನಿಮಗದು ಬೇಕಿಲ್ಲ.

ಬಿಸಿಲ ಮಾತು ಬೇರೆಯೇ ಹೇಳಬೇಕು. ಇಲ್ಲಿ ಬೇಸಿಗೆಯಲ್ಲಿ ಪಾರಾ 42 ಡಿಗ್ರಿ ದಾಟುವುದು ಹೊಸದಲ್ಲ, ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿಟ್ಟ ಬೂಟಿನ ಇವಿಎ ಫೋಮ್ ಕುಗ್ಗುತ್ತದೆ, ಅಂಟು ಮೆತ್ತಗಾಗಿ ಮೂತಿಯ ಕಡೆ ಅಟ್ಟೆ ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ಅಟ್ಟೆಯಲ್ಲಿ ಕಾರು ಓಡಿಸಬಾರದು, ಆ ತುಟಿ ಪೆಡಲಿನ ಅಂಚಿಗೆ ಸರಿಯಾಗಿ ಸಿಕ್ಕುತ್ತದೆ. ರಿಪೇರಿಯವರು ಸಾಮಾನ್ಯವಾಗಿ ಹಚ್ಚುವ ಹಳದಿ ಸಲ್ಯೂಷನ್ ಬಿಸಿಗೆ ಮತ್ತೆ ಬಿಡುತ್ತದೆ. ಪಿವಿಸಿ ಅಟ್ಟೆಯಾದರೆ ಅದರೊಳಗಿನ ಮೆದುಕಾರಕ ಎಣ್ಣೆ ಹೊರಬಂದು ಆ ಅಂಟನ್ನು ಇನ್ನೂ ಬೇಗ ಕೆಡಿಸುತ್ತದೆ. ಪಿಯು (ಪಾಲಿಯುರೇಥೇನ್) ಅಂಟು ಕೇಳಿ, ಅದರ ಮೇಲೆ ಸುತ್ತಲೂ ಮೇಣದ ದಾರದ ಹೊಲಿಗೆ ಹಾಕಿಸಿ. ಹೊಸ ಕ್ಯಾನ್ವಾಸಿಗೂ ಮೊದಲ ದಿನವೇ ಹೊಲಿಗೆ ಹಾಕಿಸುವುದು ದಂಡವಲ್ಲ. ಅಟ್ಟೆ ಸ್ವಲ್ಪವೇ ಅಗಲವಾಗಿದ್ದರೆ ಬಲ ಬೂಟಿನ ಹೊರಬದಿ ರಬ್ಬರನ್ನು ಎರಡು-ಮೂರು ಮಿ.ಮೀ. ಉಜ್ಜಿಸಲೂಬಹುದು, ಒಳಗೆ ಗಟ್ಟಿ ರಬ್ಬರಿದ್ದರೆ ಮಾತ್ರ. ಫೋಮ್ ಬಯಲಾದರೆ ಬೂಟು ಮುಗಿದಂತೆ.

ಮಳೆಗಾಲದ ಶತ್ರು ಎರೆಮಣ್ಣು. ಆಳ ಗೀರಿನ ಅಟ್ಟೆಯಲ್ಲಿ ಅದು ತುಂಬಿಕೊಂಡರೆ ಗೀರೇ ಇಲ್ಲದಂತಾಗಿ ಪೆಡಲಿನ ಮೇಲೆ ಬೆಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಆಳವಿಲ್ಲದ, ಸಣ್ಣ ಗೀರಿನ ಅಟ್ಟೆ ನೋಡಿ. ಹತ್ತುವ ಮುನ್ನ ಒರೆಸಲು ಬಾಗಿಲ ಜೇಬಿನಲ್ಲಿ ಗೋಣಿ ತುಂಡು ಇರಲಿ.

ಅಂಗಡಿಯಲ್ಲಿ ಒಂದಿಷ್ಟು ವ್ಯವಹಾರ. ಆರರಿಂದ ಹತ್ತರವರೆಗಿನ ನಂಬರುಗಳೇ ಸೆಟ್ಟಿನಲ್ಲಿ ಹೆಚ್ಚು ಬರುವುದರಿಂದ ಹನ್ನೊಂದು ಬೇಕೆಂದರೆ ಹೇಳಿ ತರಿಸಬೇಕು, ಮುಂಗಡ ಕೊಡುವ ಮೊದಲು ಕಾರಿನ ಪರೀಕ್ಷೆಯಲ್ಲಿ ಸೋತರೆ ಬದಲಿಸಿಕೊಡುತ್ತಾರೆಯೇ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ‘ಹಾಕಿಕೊಂಡರೆ ಬಿಡುತ್ತದೆ’ ಎಂಬ ಮಾತು ಚರ್ಮಕ್ಕೆ ಸ್ವಲ್ಪ ನಿಜ, ಅಟ್ಟೆಗೆ ಸುಳ್ಳು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಅದರ ಮೇಲೆ ಶೇ. 18. ಇಲ್ಲಿ ಮೆಚ್ಚಿದವೆಲ್ಲ ಕೆಳಗಿನ ದರದಲ್ಲೇ ಬರುತ್ತವೆ.

ಬೂಟು ಬದಲಿಸಿಯೂ ಇಕ್ಕಟ್ಟಾದರೆ ಕಾರಿನ ಕಡೆ ನೋಡಿ. ದಪ್ಪ 7ಡಿ ಮ್ಯಾಟು ಹಿಮ್ಮಡಿಯನ್ನು ಎತ್ತುತ್ತದೆ, ಕಂಪನಿಯ ತೆಳು ಮ್ಯಾಟು ಕೊಂಡಿಗೆ ಸಿಕ್ಕಿಸಿ ಹಾಕಿದರೆ ಅಷ್ಟು ಜಾಗ ಪುಕ್ಕಟೆ ಸಿಗುತ್ತದೆ. ಸೀಟನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿ, ಬೆನ್ನನ್ನು ನೆಟ್ಟಗೆ ಮಾಡಿ. ಉದ್ದ ಪಾದದ ಹಿಮ್ಮಡಿ ಹಿಂದಕ್ಕೆ ಹೋದರೇನೇ ಪೆಡಲಿಗೆ ಬೆರಳ ಬುಡ ಸಿಗುವುದು, ಇಲ್ಲದಿದ್ದರೆ ಅಂಗಾಲಿನ ನಡುವಿನಿಂದ ತುಳಿಯುತ್ತೀರಿ. ಹಿಮ್ಮಡಿ ಬ್ರೇಕಿನ ನೇರಕ್ಕೆ ಊರಿರಲಿ, ಮುಂಗಾಲನ್ನು ಮಾತ್ರ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿ. ಸವೆದ ಪೆಡಲ್ ರಬ್ಬರು ಬದಲಿಸಲು ಹೆಚ್ಚು ಖರ್ಚಿಲ್ಲ. ಆದರೆ ಅದರ ಮೇಲೆ ಹೊಳೆಯುವ ಅಲ್ಯೂಮಿನಿಯಂ ಪೆಡಲ್ ಕವರ್ ಹಾಕಿಸಬೇಡಿ, ಅದು ಪ್ಯಾಡಿನ ಅಗಲ ಹೆಚ್ಚಿಸಿ ಅಂತರ ತಿನ್ನುತ್ತದೆ. ಹೊಸ ಕಾರನ್ನೇ ಕೊಳ್ಳುವವರಾದರೆ ಆಲ್ಟೊ ಕೆ10, ಎಸ್-ಪ್ರೆಸ್ಸೊಗಳ ಎಜಿಎಸ್‌ನಂಥ, ಗೇರು ತಾನೇ ಬದಲಾಗುವ ಎರಡು ಪೆಡಲಿನ ಮಾದರಿಯಲ್ಲಿ ಎಡಗಾಲಿನ ತಂಟೆ ಪೂರ್ತಿ ತಪ್ಪುತ್ತದೆ, ಬಲಗಾಲಿನ ಲೆಕ್ಕ ಮಾತ್ರ ಹಾಗೆಯೇ ಇರುತ್ತದೆ. ಕಳಚಿಟ್ಟ ಬೂಟನ್ನು ಚಾಲಕನ ಸೀಟಿನ ಕೆಳಗೆ ತುರುಕಬೇಡಿ, ಬ್ರೇಕ್ ಹಾಕಿದಾಗ ಉರುಳಿ ಪೆಡಲಿನ ಹಿಂದೆ ಹೋಗುತ್ತದೆ. ಡಿಕ್ಕಿಯಲ್ಲಿಡಿ.